‘28 ಪಟ್ಟು’ ಎಂದು ಬರೆಯುವ ಮುನ್ನ

ನಮಸ್ಕಾರ.

ಡ್ರಗ್ಸ್ ನಿಷೇಧವನ್ನು ಪ್ರಶ್ನಿಸುವ ನಿಮ್ಮ ‘ಕುದುರೆಗಿಲ್ಲದ ನಿಷೇಧ ಮಾತ್ರೆಗೇಕೆ?’ ಲೇಖನ ಓದಿದೆ. ಭಾಷೆ ತಿಳಿಯಾಗಿದೆ, ವಿಷಯ ಆರಿಸಿದ ಧೈರ್ಯ ಮೆಚ್ಚಿದೆ. ಆದರೆ ಎರಡನೇ ಪುಟ ಓದಿ ಸಿಟ್ಟು ಬಂತು.

‘ಕುದುರೆ ಸವಾರಿ ಎಕ್ಸ್‌ಟಸಿ ಮಾತ್ರೆಗಿಂತ 28 ಪಟ್ಟು ಅಪಾಯಕಾರಿ ಎಂದು ಬ್ರಿಟನ್ನಿನ ಡೇವಿಡ್ ನಟ್ ಸಾಬೀತು ಮಾಡಿದರು’ ಎಂದಿದ್ದೀರಿ. ಡ್ರಗ್ಸ್ ಕುರಿತು ಬ್ರಿಟನ್ ಸರ್ಕಾರಕ್ಕೆ ಸಲಹೆ ನೀಡುತ್ತಿದ್ದ ಈ ವಿಜ್ಞಾನಿಯ 2009ರ ಪ್ರಬಂಧದಲ್ಲಿ ಇದ್ದದ್ದು ಎರಡು ಅಂದಾಜು: ಸುಮಾರು 350 ಸವಾರಿಗೆ ಒಂದು ಗಂಭೀರ ಅವಘಡ, ಮಾತ್ರೆಯಾದರೆ ಸುಮಾರು 10,000 ಸಲಕ್ಕೆ ಒಂದು. ಭಾಗಿಸಿ 28 ತೆಗೆದವರು ನೀವು. ಭಾಗಾಕಾರ ಸರಿ, ‘ಸಾಬೀತು’ ಸರಿಯಲ್ಲ. ಒಂದು ಸವಾರಿ ಎಂದರೆ ಎಷ್ಟು ಹೊತ್ತು? ಒಂದು ಮಾತ್ರೆಯಲ್ಲಿ ಅಮಲೇರಿಸುವ ರಾಸಾಯನಿಕ ಎಂಡಿಎಂಎ ಎಷ್ಟು ಮಿಲಿಗ್ರಾಂ? ಕಳ್ಳ ಮಾಲಿಗೆ ಲೇಬಲ್ ಇಲ್ಲ; ನಿನ್ನೆಯ ಮಾತ್ರೆಯಲ್ಲಿದ್ದಷ್ಟೇ ಇವತ್ತಿನದರಲ್ಲೂ ಇದೆ ಎನ್ನುವ ಖಾತರಿ ಇಲ್ಲ. ಕುದುರೆಯಿಂದ ಬಿದ್ದವರ ಮೂಳೆ ಮುರಿದದ್ದು ಅವತ್ತೇ ಲೆಕ್ಕಕ್ಕೆ ಸಿಗುತ್ತದೆ. ಮತ್ತೆ ಮತ್ತೆ ತೆಗೆದುಕೊಂಡವರಿಗೆ ನಿಧಾನವಾಗಿ ಆಗುವ ಹಾನಿ ‘ಒಂದು ಸಲ’ದ ಲೆಕ್ಕದಲ್ಲಿ ಸಿಗುವುದಿಲ್ಲ. ಒಂದು ಅಪಾಯವನ್ನು ಹವ್ಯಾಸ ಎನ್ನುವ ಸಮಾಜ ಇನ್ನೊಂದನ್ನು ಅಪರಾಧ ಎನ್ನುವುದೇಕೆ ಎಂದು ನಟ್ ಕೇಳಿದರು. ನಿಮ್ಮ ಲೇಖನದ ಜೀವವೂ ಅಲ್ಲೇ ಇತ್ತು.

ನಾನು ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಕಲಿಯುವಾಗ ಹಿರಿಯರು ಪ್ರತಿ ಅಂಕಿಯ ಪಕ್ಕ ಪೆನ್ಸಿಲಿನಲ್ಲಿ ಮೂರು ಪ್ರಶ್ನೆ ಬರೆಸುತ್ತಿದ್ದರು: ಎಷ್ಟು ಜನರಲ್ಲಿ? ಎಷ್ಟು ಕಾಲದಲ್ಲಿ? ಏನು ಮಾಡುವಾಗ? 2022ರಲ್ಲಿ ನಮ್ಮ ರಸ್ತೆಗಳಲ್ಲಿ 1,68,491 ಜನ ಸತ್ತರು ಎಂದು ಬರೆದು, ‘ಗಾಂಜಾದಿಂದ ಅಷ್ಟು ಜನ ಸತ್ತರೇ?’ ಎಂದು ಕೇಳಿದ್ದೀರಲ್ಲ, ಅಲ್ಲಿ ಈ ಮೂರನ್ನೂ ಬರೆದು ನೋಡಿ. ರಸ್ತೆಗೆ ಇಳಿಯದವರಿಲ್ಲ, ಗಾಂಜಾ ಸೇದುವವರು ಕೆಲವರು. ಬರೀ ಸಾವಿನ ಸಂಖ್ಯೆ ಇಟ್ಟು ಎರಡನ್ನೂ ತೂಗಲು ಬರುವುದಿಲ್ಲ.

ಮುಂದಿನ ಸಾಲು: ‘ಈ ಹೋಲಿಕೆಗಾಗಿಯೇ ಅವರನ್ನು ತೆಗೆದುಹಾಕಿದರು.’ ಅಲ್ಲ. ಕುದುರೆಯ ಮಾತಿಗೆ 2009ರ ಫೆಬ್ರವರಿಯಲ್ಲಿ ಆಗಿನ ಗೃಹ ಸಚಿವೆ ಜಾಕಿ ಸ್ಮಿತ್ ಛೀಮಾರಿ ಹಾಕಿದ್ದರು, ಅಷ್ಟೇ. ಸರ್ಕಾರದ ಡ್ರಗ್ಸ್ ಸಲಹಾ ಮಂಡಳಿಯ ಅಧ್ಯಕ್ಷ ಸ್ಥಾನ ಹೋದದ್ದು ಅಕ್ಟೋಬರಿನಲ್ಲಿ, ಅಲನ್ ಜಾನ್ಸನ್ ಸಚಿವರಾಗಿದ್ದಾಗ. ಗಾಂಜಾವನ್ನು ಸಿ ವರ್ಗದಿಂದ ಹೆಚ್ಚು ಶಿಕ್ಷೆಯ ಬಿ ವರ್ಗಕ್ಕೆ ಏರಿಸಿದ್ದನ್ನು ನಟ್ ಬಹಿರಂಗವಾಗಿ ಟೀಕಿಸಿದ್ದರು.

ಇನ್ನು, ‘ಪೋರ್ಚುಗಲ್ 2001ರಲ್ಲಿ ಡ್ರಗ್ಸನ್ನು ಕಾನೂನುಬದ್ಧ ಮಾಡಿತು.’ ಇಡೀ ವಾದ ಈ ಒಂದು ಕ್ರಿಯಾಪದದಲ್ಲಿ ಕುಸಿಯುತ್ತದೆ. ಅಲ್ಲಿ ಹತ್ತು ದಿನದ ಸ್ವಂತ ಬಳಕೆಗೆ ಸಾಲುವಷ್ಟು ಇಟ್ಟುಕೊಂಡವರಿಗೆ ಜೈಲು ತಪ್ಪಿತು. ಮಾಲು ಈಗಲೂ ಜಪ್ತಿಯಾಗುತ್ತದೆ, ಸಿಕ್ಕಿಬಿದ್ದವರು ಡ್ರಗ್ಸ್ ಬಳಕೆ ಬಿಡಿಸಲೆಂದು ಇರುವ ಆಯೋಗದ ಮುಂದೆ ಹೋಗಬೇಕು, ಮಾರಿದರೆ ಅಪರಾಧವೇ. ಕೆನಡಾ 2018ರ ಅಕ್ಟೋಬರ್ 17ರಿಂದ ಗಾಂಜಾಕ್ಕೆ ಪರವಾನಗಿಯ ಅಂಗಡಿಗಳನ್ನೇ ತೆರೆಯಿತು. ವಯಸ್ಕರು ಹೊರಗೆ 30 ಗ್ರಾಂವರೆಗೆ ಒಣಗಾಂಜಾ ಇಟ್ಟುಕೊಳ್ಳಬಹುದು. ಕೆನಡಾದ್ದು ಕಾನೂನುಬದ್ಧ, ಪೋರ್ಚುಗಲ್ಲಿನದು ಅಪರಾಧಮುಕ್ತ. ಮಾದಕವಸ್ತುಗಳ ಮೇಲಿನ ನಮ್ಮ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಇವೆರಡೂ ಇಲ್ಲ. ಗಾಂಜಾಕ್ಕೆ ‘ಅಲ್ಪ ಪ್ರಮಾಣ’ದ ಮಿತಿ ಒಂದು ಕಿಲೋ, ಅದರೊಳಗಿದ್ದರೂ ಒಂದು ವರ್ಷದವರೆಗೆ ಜೈಲಾಗಬಹುದು.

ನಿಮಗೆ ಬೇಕಾದದ್ದು ಪೋರ್ಚುಗಲ್ಲಿನ ದಾರಿಯೋ ಕೆನಡಾದ್ದೋ? ಅದನ್ನು ಮೊದಲ ಪ್ಯಾರಾದಲ್ಲೇ ಹೇಳಿ, ಎರಡನೇ ಪುಟವನ್ನು ಹೊಸದಾಗಿ ಬರೆದು ಕಳಿಸಿ. ಖಂಡಿತ ಓದುತ್ತೇನೆ.