ಸೂಜಿಮೊನೆಯಷ್ಟು ಗಾಯಕ್ಕೆ ಶಸ್ತ್ರಚಿಕಿತ್ಸೆ ಏಕೆ?

ಪ್ರಶ್ನೆ: ಮುಧೋಳದಲ್ಲಿ ನಮ್ಮದು ಟ್ರ್ಯಾಕ್ಟರ್ ಗ್ಯಾರೇಜು. ಕಬ್ಬಿನ ಹಂಗಾಮಿಗೆ ಮುನ್ನ ಟ್ರೇಲರ್ ದುರಸ್ತಿಯ ಕೆಲಸ ಹೆಚ್ಚು. ಹೈಡ್ರಾಲಿಕ್ ಪೈಪು ಎಲ್ಲಿ ಸೋರುತ್ತಿದೆ ಎಂದು ನಮ್ಮ ಹುಡುಗ ಕೈಯಿಂದ ಸವರಿ ನೋಡುವಾಗ ತೋರುಬೆರಳಿಗೆ ಏನೋ ಚುಚ್ಚಿದಂತಾಯಿತು. ರಕ್ತ ಬರಲಿಲ್ಲವೆಂದು ಕೆಲಸ ಮುಂದುವರಿಸಿದ. ರಾತ್ರಿ ಬೆರಳು ಊದಿಕೊಂಡು ನೋವು ತಡೆಯಲಾಗಲಿಲ್ಲ; ಮರುದಿನ ಶಸ್ತ್ರಚಿಕಿತ್ಸೆ ಆಯಿತು. ಇಷ್ಟು ಸಣ್ಣ ಗಾಯ ಹೀಗಾದದ್ದೇಕೆ? ಎಲ್ಲರಿಗೂ ಕೈಗವಸು ಕೊಡಿಸಿದರೆ ಸಾಕೇ?
– ಗ್ಯಾರೇಜು ಮಾಲೀಕರೊಬ್ಬರು, ಬಾಗಲಕೋಟೆ ಜಿಲ್ಲೆ

ಉತ್ತರ: ಆ ಹುಡುಗನ ಬೆರಳಿಗೆ ಚುಚ್ಚಿದ್ದು ಸೂಜಿಯಲ್ಲ, ಎಣ್ಣೆ. ಕಾರಿನ ಟೈರಿನಲ್ಲಿ ಗಾಳಿಯ ಒತ್ತಡ ಸುಮಾರು 2 ಬಾರ್ ಇದ್ದರೆ, ಟ್ರ್ಯಾಕ್ಟರಿನ ಹೈಡ್ರಾಲಿಕ್ ವ್ಯವಸ್ಥೆಯಲ್ಲಿ ಎಣ್ಣೆಯ ಒತ್ತಡ ಸಾಮಾನ್ಯವಾಗಿ 150ರಿಂದ 200 ಬಾರ್ ಇರುತ್ತದೆ. ಚರ್ಮವನ್ನು ಭೇದಿಸಲು 7 ಬಾರ್ ಸಾಕು. ಒಳಹೊಕ್ಕ ಎಣ್ಣೆ ಹೊರಗೆ ರಂಧ್ರವನ್ನಷ್ಟೇ ಉಳಿಸಿ, ಬೆರಳಿನ ಸ್ನಾಯುರಜ್ಜುಗಳ ಕವಚದುದ್ದಕ್ಕೂ ಅಂಗೈಯವರೆಗೆ ಹರಿದು, ರಕ್ತಸಂಚಾರವನ್ನು ಒತ್ತಿಹಿಡಿಯುತ್ತದೆ ಮತ್ತು ಅಂಗಾಂಶವನ್ನು ರಾಸಾಯನಿಕವಾಗಿ ಸುಡುತ್ತದೆ. ಮೊದಲ ಕೆಲವು ತಾಸು ನೋವು ಕಡಿಮೆ ಇರುವುದೇ ಇಲ್ಲಿನ ದೊಡ್ಡ ಮೋಸ. ಆರು ತಾಸಿನೊಳಗೆ ಬೆರಳನ್ನು ತೆರೆದು ಎಣ್ಣೆಯನ್ನು ತೊಳೆದು ತೆಗೆಯುವುದು ಒಳ್ಳೆಯದು; ತಡವಾದಷ್ಟೂ ಬೆರಳು ಕತ್ತರಿಸಬೇಕಾದ ಸಂಭವ ಹೆಚ್ಚುತ್ತದೆ.

ಆದ್ದರಿಂದ ಹೀಗಾದಾಗ ಬೆರಳನ್ನು ಹಿಂಡಬಾರದು, ಬಿಸಿ ಶಾಖ ಕೊಡಬಾರದು, ಟಿಟಿ ಇಂಜೆಕ್ಷನ್ ಹಾಕಿಸಿಕೊಂಡು ಮನೆಗೆ ಹೋಗಬಾರದು. ಕೈಯನ್ನು ಎತ್ತರಕ್ಕೆ ಹಿಡಿದುಕೊಂಡು, ಎಣ್ಣೆಯ ಡಬ್ಬಿಯ ಲೇಬಲ್ ಸಮೇತ, ಕೈಯ ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗೆ ನೇರವಾಗಿ ಹೋಗಬೇಕು; "ಒತ್ತಡದ ಎಣ್ಣೆ ಚರ್ಮದೊಳಗೆ ಹೊಕ್ಕಿದೆ" ಎಂಬ ಮಾತನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಏಕೆಂದರೆ ಗಾಯ ನೋಡಿದವರಿಗೂ ಅದು ಕ್ಷುಲ್ಲಕವಾಗಿಯೇ ಕಾಣುತ್ತದೆ. ಗ್ರೀಸ್ ಗನ್ನಿನಿಂದಲೂ ಡೀಸೆಲ್ ಇಂಜೆಕ್ಟರಿನಿಂದಲೂ ಇದೇ ಅನಾಹುತವಾಗಬಹುದು.

ಕೈಗವಸು ಈ ಎಣ್ಣೆಯನ್ನು ತಡೆಯುವುದಿಲ್ಲ. ಸೋರಿಕೆ ಹುಡುಕಲು ರಟ್ಟಿನ ತುಂಡನ್ನು ಪೈಪಿನಿಂದ ದೂರ ಹಿಡಿದು ಆಡಿಸಿ ನೋಡಬೇಕು. ಬಿಚ್ಚುವ ಮುನ್ನ ಟ್ರೇಲರನ್ನು ನೆಲಕ್ಕಿಳಿಸಿ, ಎಂಜಿನ್ ನಿಲ್ಲಿಸಿ, ಲಿವರ್ ಆಡಿಸಿ ಒತ್ತಡ ಕಳೆಯಬೇಕು. ತಿರುಗುವ ಫ್ಯಾನ್ ಬೆಲ್ಟು, ಪಿಟಿಒ ದಂಡದ (ಟ್ರ್ಯಾಕ್ಟರಿನ ಎಂಜಿನ್ ಶಕ್ತಿಯನ್ನು ಬೇರೆ ಯಂತ್ರಕ್ಕೆ ಕೊಡುವ ತಿರುಗುವ ದಂಡ) ಬಳಿ ಕೈಗವಸು ಸಿಕ್ಕಿಕೊಂಡು ಕೈಯನ್ನೇ ಎಳೆಯುತ್ತದೆಯಾದ್ದರಿಂದ ಅಲ್ಲಿ ಬರಿಗೈಯೇ ಲೇಸು, ಅದೂ ಯಂತ್ರ ನಿಂತಾಗ ಮಾತ್ರ. ಉಂಗುರವನ್ನಂತೂ ಕೆಲಸಕ್ಕೆ ಇಳಿಯುವ ಮೊದಲೇ ತೆಗೆಯಿಸಿರಿ: ಬ್ಯಾಟರಿಯ ಟರ್ಮಿನಲ್ ಮತ್ತು ಪಾನಾದ ನಡುವೆ ಸಿಕ್ಕ ಚಿನ್ನದ ಉಂಗುರ ಕ್ಷಣದಲ್ಲಿ ಕಾದು ಬೆರಳನ್ನು ಸುತ್ತಲೂ ಸುಡುತ್ತದೆ.