ಹೈಸ್ಕೂಲ್ ಗೆಳೆಯರು ಕಟ್ಟಿದ ‘ಸಮ್ 41’ ಬ್ಯಾಂಡ್ ಅಷ್ಟು ವರ್ಷ ಬಾಳಿದ್ದು ಗೆಳೆತನದ ಬಲದಿಂದಲೇ?

ನೀವು ಶಿರಸಿಯ ನಾಲ್ವರು ಹೈಸ್ಕೂಲ್ ಗೆಳೆಯರು ಪಿಯುಸಿ ಮುಗಿಸಿ ಪಾಪ್-ಪಂಕ್ (ಪಂಕ್ ರಾಕಿನ ವೇಗಕ್ಕೆ ಸುಲಭವಾಗಿ ಗುನುಗಬಹುದಾದ ರಾಗ ಸೇರಿಸುವ ಸಂಗೀತ) ಬ್ಯಾಂಡೊಂದನ್ನು ಕಟ್ಟಿದ್ದೀರಿ, ಕೆನಡಾದ ಸಮ್ 41 ನಿಮಗೆ ಮಾದರಿ ಎಂದು ಬರೆದಿದ್ದೀರಿ. ಆ ಬ್ಯಾಂಡ್ ಅಷ್ಟು ವರ್ಷ ಬಾಳಿದ್ದು ಗೆಳೆತನದ ಬಲದಿಂದಲೇ ಎಂಬುದು ನಿಮ್ಮ ಮೊದಲ ಪ್ರಶ್ನೆ. ಅದರಿಂದ ನಿಮಗೆ ಏನಾದರೂ ಕಲಿಯುವುದಿದೆಯೇ ಎಂಬುದು ಎರಡನೆಯದು. ನಾನು ಕಾರವಾರದಲ್ಲಿ ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವ ಕೆಲಸದಲ್ಲಿದ್ದೇನೆ. ಮದುವೆ, ಗಣೇಶೋತ್ಸವ, ಶಾಲಾ ವಾರ್ಷಿಕೋತ್ಸವಗಳಲ್ಲಿ ಹಾಡುವ ಆರ್ಕೆಸ್ಟ್ರಾಗಳ ಹುಡುಗರನ್ನು ಮಿಕ್ಸರಿನ ಹಿಂದಿನಿಂದ ನೋಡುತ್ತ ಬಂದವನು, ಮಡಗಾಂವಿನಿಂದ ಸಿ.ಡಿ. ತರಿಸಿಕೊಳ್ಳುತ್ತಿದ್ದ ಕಾಲದಿಂದ ಈ ಬ್ಯಾಂಡನ್ನು ಕೇಳುತ್ತಿರುವವನು. ನನ್ನ ಅಭಿಪ್ರಾಯದಲ್ಲಿ ಗೆಳೆತನ ಆ ಬ್ಯಾಂಡನ್ನು ಹುಟ್ಟಿಸಿತು, ಮೊದಲ ಐದಾರು ವರ್ಷ ಎಳೆಯಿತು. ಆಮೇಲೆ ಅದನ್ನು ಉಳಿಸಿದ್ದು ಹಾಡು ಬರೆಯುವುದನ್ನು ನಿಲ್ಲಿಸದ ಒಬ್ಬ ವ್ಯಕ್ತಿ ಮತ್ತು ಹೋದವರ ಜಾಗಕ್ಕೆ ಹೊಸಬರನ್ನು ಸೇರಿಸಿಕೊಳ್ಳುವ ಮನಸ್ಸು.

ಸಮ್ 41 ಹುಟ್ಟಿದ್ದು 1996ರಲ್ಲಿ, ಟೊರಾಂಟೊ ನಗರದ ಪೂರ್ವಕ್ಕೆ ಒಂಟಾರಿಯೊ ಸರೋವರದ ದಂಡೆಯಲ್ಲಿರುವ ಏಜಾಕ್ಸ್ ಎಂಬ ಊರಿನಲ್ಲಿ. ಹಾಡುಗಾರ ಮತ್ತು ಗಿಟಾರ್ ವಾದಕ ಡೆರಿಕ್ ವಿಬ್ಲಿಗೆ ಆಗ ಹದಿನಾರು ವರ್ಷ. ಸ್ಟೀವೋ ಎಂದೇ ಹೆಸರಾದ ಡ್ರಮ್ಮರ್, ಎರಡನೆಯ ಗಿಟಾರಿನ ಡೇವ್ ಬಕ್ಷ್, ಆಮೇಲೆ ಬಂದ ಬಾಸ್ ವಾದಕ ಜೇಸನ್ ಮೆಕ್ಯಾಸ್ಲಿನ್ ಎಲ್ಲರೂ ಅದೇ ಊರಿನ ಒಂದೇ ಹೈಸ್ಕೂಲಿನವರು. ಮೊದಲು ಕ್ಯಾಸ್ಪರ್ ಎಂಬ ಹೆಸರಿಟ್ಟುಕೊಂಡು ಬೇರೆ ಪಂಕ್ ಬ್ಯಾಂಡಿನ ಹಾಡುಗಳನ್ನು ನುಡಿಸುತ್ತಿದ್ದರು. ಬೇಸಿಗೆ (ಸಮ್ಮರ್) ರಜೆಯ 41ನೆಯ ದಿನದ ನೆನಪಿಗೆ ಹೆಸರನ್ನು ಬದಲಾಯಿಸಿಕೊಂಡರು. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಹೊರಜಗತ್ತು ಅವರ ಹೆಸರು ಕೇಳುವ ಮೊದಲೇ, 1999ರೊಳಗೆ, ಬಾಸ್ ನುಡಿಸುವವರು ಒಬ್ಬರ ನಂತರ ಒಬ್ಬರಂತೆ ಬದಲಾಗಿದ್ದರು. ನಾಲ್ಕು ಗೆಳೆಯರ ಅಚ್ಚಳಿಯದ ಕೂಟ ಎಂದು ನಾವು ತಿಳಿದಿರುವ ಚಿತ್ರ ಆ ಬದಲಾವಣೆಗಳೆಲ್ಲ ಮುಗಿದ ಮೇಲೆ ತೆಗೆದದ್ದು.

1999ರಲ್ಲಿ ಐಲ್ಯಾಂಡ್ ರೆಕಾರ್ಡ್ಸ್ ಕಂಪನಿಯೊಡನೆ ಕರಾರಾಯಿತು. ಕರಾರಿಗೆ ಮೊದಲು ಕಂಪನಿಗಳಿಗೆ ಕಳುಹಿಸಿದ ಟೇಪಿನಲ್ಲಿ ಅವರು ಹಾಡುಗಳಷ್ಟೇ ಅಲ್ಲದೆ ಕ್ಯಾಮ್‌ಕಾರ್ಡರಿನಲ್ಲಿ ಚಿತ್ರಿಸಿದ ತಮ್ಮ ಕಿಡಿಗೇಡಿತನವನ್ನೂ ಸೇರಿಸಿದ್ದರು, ನೀರಿನ ಪಿಸ್ತೂಲು ಹಿಡಿದು ಓಡಾಡುವ ದೃಶ್ಯಗಳೂ ಅದರಲ್ಲಿದ್ದವು. ಗೆಳೆತನ ನಿಜವಾಗಿ ಬಂಡವಾಳವಾದದ್ದು ಇಲ್ಲಿಯೇ ಎಂದು ನನಗನ್ನಿಸುತ್ತದೆ, ಏಕೆಂದರೆ ಒಟ್ಟಿಗೆ ಬೆಳೆದ ಹುಡುಗರು ಮಾತ್ರ ಕ್ಯಾಮೆರಾದ ಮುಂದೆ ಅಷ್ಟು ನಿರ್ಲಜ್ಜವಾಗಿ ನಗಬಲ್ಲರು. 2000ದಲ್ಲಿ ಅರ್ಧ ಗಂಟೆಯ ಮೊದಲ ಧ್ವನಿಮುದ್ರಿಕೆ, 2001ರ ಮೇ ತಿಂಗಳಲ್ಲಿ ‘ಆಲ್ ಕಿಲ್ಲರ್ ನೋ ಫಿಲ್ಲರ್’ ಆಲ್ಬಮ್ ಹೊರಬಂದವು. ಅದರ ‘ಫ್ಯಾಟ್ ಲಿಪ್’ ಹಾಡು ಬಿಲ್‌ಬೋರ್ಡ್ ಪತ್ರಿಕೆಯ ಮಾಡರ್ನ್ ರಾಕ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು, ಆಲ್ಬಮ್ ಅಮೆರಿಕದಲ್ಲಿ ಪ್ಲಾಟಿನಂ ಆಯಿತು, ಅಂದರೆ ಹತ್ತು ಲಕ್ಷ ಪ್ರತಿಗಳ ಮಟ್ಟ ಮುಟ್ಟಿತು.

ಆ ಹಾಡನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಚರಣಗಳಲ್ಲಿ ಮೂವರು ಸರದಿಯಂತೆ ರ‍್ಯಾಪ್ ಮಾಡುತ್ತಾರೆ, ಪಲ್ಲವಿಯಲ್ಲಿ ಗಿಟಾರುಗಳು ಷಡ್ಜ ಮತ್ತು ಪಂಚಮಗಳನ್ನಷ್ಟೇ ಸೇರಿಸಿ ಮೀಟುವ ಪವರ್ ಕಾರ್ಡ್‌ಗಳಿಗೆ ಮರಳುತ್ತವೆ. ಗಾಂಧಾರವನ್ನು ಬಿಟ್ಟಿರುವುದರಿಂದ ಆ ಕಾರ್ಡ್ ಮೇಜರ್ (ಉಲ್ಲಾಸದ್ದು) ಅಥವಾ ಮೈನರ್ (ವಿಷಾದದ್ದು) ಎಂದು ಬದ್ಧವಾಗುವುದಿಲ್ಲ, ಧ್ವನಿಯನ್ನು ಒರಟಾಗಿಸುವ ಡಿಸ್ಟಾರ್ಷನ್ ಎಷ್ಟು ಏರಿಸಿದರೂ ಕಲಸಿಹೋಗುವುದಿಲ್ಲ; ಹಾಡುಗಾರನ ರಾಗವೇ ಭಾವವನ್ನು ನಿರ್ಧರಿಸಬೇಕಾಗುತ್ತದೆ. ಪಾಪ್-ಪಂಕ್ ನುಡಿಸಲು ಸುಲಭ, ಬರೆಯಲು ಕಷ್ಟ ಎಂದು ನಾನು ಹೇಳುವುದು ಈ ಕಾರಣಕ್ಕೆ. ಮೂರು ತಿಂಗಳಲ್ಲಿ ಕಾರ್ಡ್ ಕಲಿತ ಹುಡುಗರನ್ನು ಕಾರವಾರದಲ್ಲಿ ಸಾಕಷ್ಟು ಕಂಡಿದ್ದೇನೆ. ನೆನಪಿನಲ್ಲಿ ನಿಲ್ಲುವ ಎಂಟು ಸಾಲಿನ ಪಲ್ಲವಿ ಬರೆದವರು ಅವರಲ್ಲಿ ಬಹಳ ವಿರಳ.

ನಂತರದ ಎರಡು ಆಲ್ಬಮ್‌ಗಳಲ್ಲಿ ಧ್ವನಿ ಗಡಸಾಗುತ್ತ ಹೋಯಿತು. 2004ರ ಮೇ ಕೊನೆಯಲ್ಲಿ ಅವರು ಯುದ್ಧಪೀಡಿತ ಮಕ್ಕಳಿಗೆ ನೆರವಾಗುವ ವಾರ್ ಚೈಲ್ಡ್ ಕೆನಡಾ ಸಂಸ್ಥೆಯ ಸಾಕ್ಷ್ಯಚಿತ್ರಕ್ಕಾಗಿ ಕಾಂಗೊ ದೇಶದ ಬುಕಾವು ನಗರದಲ್ಲಿದ್ದಾಗ ಸುತ್ತ ಗುಂಡಿನ ಕಾಳಗ ಆರಂಭವಾಯಿತು. ಹೋಟೆಲಿನಲ್ಲಿ ಸಿಕ್ಕಿಬಿದ್ದವರನ್ನು ಹೊರಸಾಗಿಸಲು ನೆರವಾದ ವಿಶ್ವಸಂಸ್ಥೆಯ ಸ್ವಯಂಸೇವಕ ಚಕ್ ಪೆಲ್ಟಿಯೆ ಅವರ ಹೆಸರನ್ನೇ ಆ ವರ್ಷದ ಅಕ್ಟೋಬರಿನಲ್ಲಿ ಬಂದ ಆಲ್ಬಮ್‌ಗೆ ಇಟ್ಟರು. ‘ಚಕ್’ಗೆ 2005ರಲ್ಲಿ ಕೆನಡಾದ ಸಂಗೀತ ಪ್ರಶಸ್ತಿಯಾದ ಜೂನೋ ದೊರೆಯಿತು. ಈ ಬ್ಯಾಂಡ್ ತಮಾಷೆಯ ಹುಡುಗರದ್ದು ಎಂದು ತಳ್ಳಿಹಾಕುವವರಿಗೆ ನಾನು ಕೇಳಿಸುವುದು ಈ ಆಲ್ಬಮನ್ನು.

ಬಿರುಕು ಕಾಣಿಸಿದ್ದು ಇದರ ಬೆನ್ನಿಗೆ. ಇನ್ನೂ ಗಡಸಾದ ರಾಕ್ ಶೈಲಿಯಾದ ಹೆವಿ ಮೆಟಲ್ ಕಡೆಗೆ ಒಲವಿದ್ದ ಬಕ್ಷ್ 2006ರ ಮೇ ತಿಂಗಳಲ್ಲಿ ಬ್ಯಾಂಡ್ ಬಿಟ್ಟು ತನ್ನದೇ ತಂಡದ ಕಡೆಗೆ ಹೋದರು. ಉಳಿದ ಮೂವರು 2007ರಲ್ಲಿ ‘ಅಂಡರ್‌ಕ್ಲಾಸ್ ಹೀರೋ’ ಆಲ್ಬಮ್ ಮಾಡಿದರು; ವಿಬ್ಲಿ ಅದನ್ನು ತಾನೇ ನಿರ್ಮಿಸಿದರು. ಖಾಲಿಯಾದ ಗಿಟಾರಿನ ಜಾಗಕ್ಕೆ ಮತ್ತೊಂದು ಕೆನಡಿಯನ್ ಪಂಕ್ ಬ್ಯಾಂಡಿನ ಟಾಮ್ ಥ್ಯಾಕರ್ ಬಂದರು. 2011ರ ಆಲ್ಬಮಿನ ಒಂದು ಹಾಡು ಗ್ರ್ಯಾಮಿಗೆ ನಾಮನಿರ್ದೇಶನ ಪಡೆಯಿತು, ಆದರೆ 2013ರಲ್ಲಿ ಡ್ರಮ್ಮರ್ ಕೂಡ ಹೊರಟುಹೋದರು. ಹೀಗೆ ಹದಿನೇಳನೆಯ ವರ್ಷಕ್ಕೆ ಬ್ಯಾಂಡಿನಲ್ಲಿ ಆ ಹೈಸ್ಕೂಲಿನವರು ಉಳಿದದ್ದು ಇಬ್ಬರೇ. ಗೆಳೆತನವೊಂದೇ ಆಧಾರವಾಗಿದ್ದರೆ ಕಥೆ ಅಲ್ಲಿಗೆ ಮುಗಿಯಬೇಕಿತ್ತು.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು 2014ರಲ್ಲಿ. ವರ್ಷಗಟ್ಟಲೆ ಪ್ರವಾಸ ಮತ್ತು ಕುಡಿತದಿಂದ ವಿಬ್ಲಿಯವರ ಯಕೃತ್ತು, ಮೂತ್ರಪಿಂಡಗಳು ಕೈಕೊಟ್ಟು ಅವರು ಆಸ್ಪತ್ರೆ ಸೇರಿದರು; ಇನ್ನೊಮ್ಮೆ ಕುಡಿದರೆ ಬದುಕುವುದಿಲ್ಲ ಎಂದು ವೈದ್ಯರು ಎಚ್ಚರಿಸಿದ್ದನ್ನು ಅವರೇ ಸಾರ್ವಜನಿಕವಾಗಿ ಬರೆದುಕೊಂಡರು. ಹಾಡು ಬರೆಯುವ, ಹಾಡುವ, ನಿರ್ಮಿಸುವ ಹೊಣೆಯೆಲ್ಲ ಒಬ್ಬನ ಮೇಲಿದ್ದರೆ ಅವನ ದೇಹವೇ ಇಡೀ ಬ್ಯಾಂಡಿನ ಆಯುಷ್ಯವಾಗಿಬಿಡುತ್ತದೆ ಎಂಬುದನ್ನು ನಿಮ್ಮಲ್ಲಿ ಹಾಡು ಬರೆಯುವವರಿಗೆ ವಿಶೇಷವಾಗಿ ತಿಳಿಸಿ. ಚೇತರಿಸಿಕೊಳ್ಳುತ್ತಲೇ ಅವರು ಮುಂದಿನ ಆಲ್ಬಮಿನ ಹಾಡುಗಳನ್ನು ಬರೆದರು, ಅದರ ಖರ್ಚಿಗೆ ಕೇಳುಗರಿಂದಲೇ ಅಂತರ್ಜಾಲದಲ್ಲಿ ಮುಂಗಡ ಹಣ ಕೂಡಿಸಿದರು. ಆಶ್ಚರ್ಯವೆಂದರೆ, 2015ರಲ್ಲಿ ಬಕ್ಷ್ ಮರಳಿ ಬಂದರು, ಮತ್ತು ಬಂದಾಗ ಥ್ಯಾಕರ್ ಅವರನ್ನು ಕಳುಹಿಸಲಿಲ್ಲ. ಮೂರು ಗಿಟಾರುಗಳಾದವು, ಹೊಸ ಡ್ರಮ್ಮರ್ ಫ್ರ್ಯಾಂಕ್ ಜುಮ್ಮೋ ಸೇರಿ ಐವರಾದರು. 2016ರ ‘13 ವಾಯ್ಸಸ್’ ಮತ್ತು 2019ರ ‘ಆರ್ಡರ್ ಇನ್ ಡಿಕ್ಲೈನ್’ ಈ ಐವರ ಆಲ್ಬಮ್‌ಗಳು. ಒಂಬತ್ತು ವರ್ಷದ ನಂತರ ಹಳೆಯ ಗೆಳೆಯ ಮರಳಲು ಬಾಗಿಲು ತೆರೆದಿತ್ತು ಎಂಬುದು, ಅವನು ಹೋದ ದಿನ ಜಗಳವನ್ನು ಬೀದಿಗೆ ತಾರದೆ ಇದ್ದುದರ ಫಲ ಎಂದು ನಾನು ಊಹಿಸುತ್ತೇನೆ.

ನಮ್ಮ ಜಿಲ್ಲೆಯವರಿಗೆ ಇದನ್ನು ಯಕ್ಷಗಾನ ಮೇಳದ ಮೂಲಕ ಹೇಳುವುದು ಸುಲಭ. ಹೊನ್ನಾವರದ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮಂಡಳಿ ಇಂದಿಗೂ ಆಡುತ್ತಿದೆ. ಮೇಳದಲ್ಲಿ ತಿರುಗಾಟ ಮುಗಿದ ಮೇಲೆ ಕಲಾವಿದರು ಮೇಳ ಬದಲಾಯಿಸುವುದು ಯಾರಿಗೂ ದ್ರೋಹವೆನಿಸುವುದಿಲ್ಲ. ಪ್ರಸಂಗ ಮತ್ತು ಮೇಳದ ಹೆಸರು ಮುಂದುವರಿಯುತ್ತವೆ, ಭಾಗವತರು ಹೊಸಬರಿಗೆ ಪದ್ಯದ ಜಾಡು ಹಿಡಿಸುತ್ತಾರೆ. ರಾಕ್ ಬ್ಯಾಂಡಿನಲ್ಲಿ ಹಾಗಲ್ಲ. ಅಲ್ಲಿ ಮುಖಗಳೇ ಹೆಸರು, ಒಬ್ಬ ಹೋದರೆ ಅಭಿಮಾನಿ ಅದನ್ನು ಮನೆ ಒಡೆದಂತೆ ಕಾಣುತ್ತಾನೆ. ಸಮ್ 41 ಸದ್ದಿಲ್ಲದೆ ಮೇಳದ ರೀತಿಗೆ ಹೊರಳಿಕೊಂಡದ್ದರಿಂದಲೇ 2006 ಮತ್ತು 2013ನ್ನು ದಾಟಿತು. ಗೆಳೆಯರು ಕೊನೆಯವರೆಗೂ ಉಳಿಯುವುದೇ ಇಲ್ಲ ಎಂದೇನೂ ಅಲ್ಲ: ಕ್ಯಾಲಿಫೋರ್ನಿಯಾದ ಗ್ರೀನ್ ಡೇ ಬ್ಯಾಂಡಿನ ಬಿಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಮತ್ತು ಮೈಕ್ ಡರ್ನ್ಟ್ ಚಿಕ್ಕಂದಿನ ಗೆಳೆಯರು, 1987ರಲ್ಲಿ ಬೇರೆ ಹೆಸರಿನಲ್ಲಿ ಆರಂಭಿಸಿದವರು, 1990ರಲ್ಲಿ ಟ್ರೇ ಕೂಲ್ ಡ್ರಮ್ಸಿಗೆ ಬಂದ ಮೇಲೆ ಆ ಮೂವರು ಇಂದಿಗೂ ಜೊತೆಯಾಗಿದ್ದಾರೆ. ಅಂಥದ್ದು ಅದೃಷ್ಟ, ಅದನ್ನು ಯೋಜನೆಯೆಂದು ನಂಬಬೇಡಿ.

ಸಮ್ 41 ಆಟ ಮುಗಿಸಿದ್ದು ಹೇಗೆ ಎಂಬುದನ್ನೂ ಹೇಳಬೇಕು. 2023ರ ಮೇ ತಿಂಗಳಲ್ಲಿ, ಇನ್ನೊಂದು ಆಲ್ಬಮ್ ಮತ್ತು ವಿದಾಯದ ಪ್ರವಾಸದ ನಂತರ ಮುಗಿಸುವುದಾಗಿ ಅವರೇ ಘೋಷಿಸಿದರು. 2024ರ ಮಾರ್ಚ್ 29ರಂದು ಬಂದ ‘ಹೆವೆನ್ ಎಕ್ಸ್ ಹೆಲ್’ ಎರಡು ಭಾಗದ ಆಲ್ಬಮ್: ಮೊದಲ ಭಾಗ ಪಾಪ್-ಪಂಕ್, ಎರಡನೆಯದು ಮೆಟಲ್. 2006ರಲ್ಲಿ ಗೆಳೆಯರನ್ನು ಎರಡು ಕಡೆಗೆ ಎಳೆದ ಸಂಗೀತಗಳೇ ಕೊನೆಯ ಆಲ್ಬಮಿನಲ್ಲಿ ಒಂದರ ಪಕ್ಕ ಇನ್ನೊಂದು ಕುಳಿತವು. ಅದರ ‘ಲ್ಯಾಂಡ್‌ಮೈನ್ಸ್’ ಹಾಡು ಅದೇ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮತ್ತೆ ಮೊದಲ ಸ್ಥಾನಕ್ಕೆ ಬಂತು; 2001ರ ಹಾಡಿಗೂ ಇದಕ್ಕೂ ನಡುವೆ 22 ವರ್ಷಕ್ಕೂ ಮಿಕ್ಕಿದ ಅಂತರ, ಆ ಪಟ್ಟಿಯ ಮಟ್ಟಿಗೆ ಅದೊಂದು ದಾಖಲೆ. 2025ರ ಜನವರಿ 30ರಂದು ಟೊರಾಂಟೊದಲ್ಲಿ, ಅಂದರೆ ಹುಟ್ಟೂರಿನ ನೆರೆಯಲ್ಲೇ, ಕೊನೆಯ ಕಛೇರಿ ನಡೆಯಿತು. ಮಾರ್ಚ್ ತಿಂಗಳಲ್ಲಿ ಕೆನಡಾದ ಸಂಗೀತ ಗೌರವ ಪಟ್ಟಿಗೆ ಅವರನ್ನು ಸೇರಿಸಿಕೊಳ್ಳಲಾಯಿತು. ಹಾಡು ಮೊದಲ ಸ್ಥಾನಕ್ಕೇರಿದ ಮೇಲೆ ಅಂಗಡಿ ಮುಚ್ಚುವುದು ನಮ್ಮ ಕಡೆಯ ವ್ಯಾಪಾರದ ಬುದ್ಧಿಗೆ ಒಗ್ಗುವುದಿಲ್ಲ, ಆದರೆ ನನಗೆ ಅದು ಸರಿಯೆನಿಸಿತು.

ಇನ್ನು ನಿಮ್ಮ ವಿಷಯ. ಏಜಾಕ್ಸಿನ ಹುಡುಗರಿಗೆ ಟೊರಾಂಟೊದ ಕ್ಲಬ್ಬುಗಳು ಮಗ್ಗುಲಲ್ಲೇ ಇದ್ದವು; ಶಿರಸಿಗೆ ಹುಬ್ಬಳ್ಳಿಯೇ ನೂರು ಕಿಲೋಮೀಟರ್ ದೂರ, ಅಲ್ಲಿಯೂ ಸ್ವಂತ ರಾಕ್ ಹಾಡು ಕೇಳಲು ಟಿಕೆಟ್ ಕೊಳ್ಳುವವರು ಕಡಿಮೆ. ನಮ್ಮ ಕಡೆ ವೇದಿಕೆ ಎಂದರೆ ಜಾತ್ರೆ, ಉತ್ಸವ, ಮದುವೆ. ಕೇಳುವುದು ಸಿನಿಮಾ ಹಾಡು. ಅದನ್ನು ಕೀಳೆಂದು ನೋಡಬೇಡಿ, ಸ್ಪೀಕರಿನ ಮುಂದೆ ನಿಂತು ತಾಳ ತಪ್ಪದೆ ನುಡಿಸುವ ಅಭ್ಯಾಸ ಅಲ್ಲಿಯೇ ಆಗುತ್ತದೆ. ಎರಡು ಸಿನಿಮಾ ಹಾಡಿನ ನಡುವೆ ನಿಮ್ಮದೊಂದನ್ನು ಸೇರಿಸಿ. ರಾತ್ರಿ ಹತ್ತರ ನಂತರ ಧ್ವನಿವರ್ಧಕ ನಿಷಿದ್ಧ. ಹಬ್ಬಗಳಿಗಾಗಿ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ವಿನಾಯಿತಿ ಕೊಡಬಹುದು. ಆದ್ದರಿಂದ ನಿಮ್ಮ ಹಾಡನ್ನು ಕೊನೆಗೆ ಇಟ್ಟುಕೊಂಡರೆ ಪೊಲೀಸರು ಬಂದು ಮೈಕ್ ಆಫ್ ಮಾಡಿಸುವ ಹೊತ್ತಿಗೆ ಸರಿಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯಲ್ಲಿ, ಗಣೇಶೋತ್ಸವ ಬಿಟ್ಟರೆ, ಬಯಲು ಕಾರ್ಯಕ್ರಮಗಳು ಕಡಿಮೆ, ಬರೆಯಲು ಮತ್ತು ಧ್ವನಿಮುದ್ರಿಸಲು ಅದೇ ಕಾಲ. ಆದರೆ ಗಿಟಾರಿನ ತಂತಿಗಳನ್ನು ಒರೆಸಿಡಿ, ಆಂಪ್ಲಿಫೈಯರನ್ನು ವಾರಕ್ಕೊಮ್ಮೆಯಾದರೂ ಹಚ್ಚಿ ಬಿಸಿಮಾಡಿ. ಮಲೆನಾಡಿನ ತೇವ ಸಾಕೆಟ್ಟುಗಳನ್ನು ತಿಂದುಹಾಕುತ್ತದೆ.

ಗೆಳೆತನ ಕೆಡದಂತೆ ಮಾಡಬಹುದಾದ ಒಂದೇ ಕಾಗದದ ಕೆಲಸವಿದೆ, ಅದನ್ನು ಮೊದಲ ಹಾಡು ಬಿಡುಗಡೆಯಾಗುವ ಮೊದಲೇ ಮಾಡಿ. ಪ್ರತಿಯೊಂದು ಹಾಡಿನ ಸಾಹಿತ್ಯ ಯಾರದು, ರಾಗ ಯಾರದು, ಅವರವರ ಪಾಲು ಎಷ್ಟು ಎಂದು ಬರೆದು ನಾಲ್ವರೂ ಸಹಿ ಹಾಕಿ. ನಮ್ಮ ಹಕ್ಕುಸ್ವಾಮ್ಯ ಕಾನೂನಿನ 2012ರ ತಿದ್ದುಪಡಿಯ ನಂತರ ಸಾಹಿತ್ಯ ಬರೆದವರು ಮತ್ತು ರಾಗ ಸಂಯೋಜಿಸಿದವರು ತಮ್ಮ ರಾಯಲ್ಟಿಯ ಪಾಲನ್ನು ಕಂಪನಿಗೆ ಪೂರ್ತಿಯಾಗಿ ಬರೆದುಕೊಡಲು ಬರುವುದಿಲ್ಲ, ಅದು ಒಳ್ಳೆಯದೇ. ಆದರೆ ಡ್ರಮ್ಸ್ ನುಡಿಸಿದ ಮಾತ್ರಕ್ಕೆ ಯಾರೂ ಸಂಯೋಜಕರೆನಿಸುವುದಿಲ್ಲ, ಮತ್ತು ಹತ್ತು ವರ್ಷದ ನಂತರ ಹಣ ಬರತೊಡಗಿದಾಗ ಡ್ರಮ್ಮರಿಗೆ ಇದು ಥಟ್ಟನೆ ಅರಿವಾಗುತ್ತದೆ. ನಾನು ಕಂಡ ಆರ್ಕೆಸ್ಟ್ರಾಗಳು ಒಡೆದದ್ದು ಹೆಚ್ಚಾಗಿ ಇಂಥ ಲೆಕ್ಕಕ್ಕೇ, ಸ್ವರ ತಪ್ಪಿದ್ದಕ್ಕಲ್ಲ. ಬಿಟ್ಟುಹೋಗುವವರು ಬ್ಯಾಂಡಿನ ಹೆಸರನ್ನು ಬಳಸಬಹುದೇ ಎಂಬುದನ್ನೂ ಅದರಲ್ಲೇ ಸೇರಿಸಿ. ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸುವುದಾದರೆ ಮನರಂಜನೆಯ ಸೇವೆಗಳು ಬರುವುದು 41ನೆಯ ವರ್ಗದಲ್ಲಿ. ನಿಮ್ಮ ಮೆಚ್ಚಿನ ಬ್ಯಾಂಡಿಗೂ ಆ ಸಂಖ್ಯೆಗೂ ಸಂಬಂಧವಿಲ್ಲದಿದ್ದರೂ ಮರೆಯದಿರಲು ಅನುಕೂಲ.

ನಾಲ್ವರೂ ಕೂತು 2001ರ ಆಲ್ಬಮನ್ನು ಮೊದಲು ಕೇಳಿ, ತಕ್ಷಣವೇ 2024ರದರ ಎರಡನೆಯ ಭಾಗವನ್ನು ಹಾಕಿ. ಅಲ್ಲಿಂದ ಇಲ್ಲಿಗೆ ಬರಲು ನಿಮ್ಮಲ್ಲಿ ಯಾರಿಗೆ ಮನಸ್ಸಿದೆ, ಯಾರಿಗೆ ಮೊದಲನೆಯದೇ ಸಾಕು ಎಂದು ಈಗಲೇ ಕೇಳಿಕೊಳ್ಳಿ. ಬಕ್ಷ್ ಅವರಿಗೆ 2006ರಲ್ಲಿ ಎದುರಾದ ಪ್ರಶ್ನೆ ಅದೇ.