ಕಪ್ಪೆ ನಾಳೆ ಹೋಗಲಿ ಎಂದ ದೊರೆ

ಮೇಷ್ಟ್ರಿಗೆ ನಮಸ್ಕಾರ.

ನಿಮ್ಮ ಎರಡು ಪುಟದ ಪತ್ರ ಬಂತು. ಕಳೆದ ತಿಂಗಳು ನಾವು ಹಾಕಿದ್ದ, ಬೈಬಲ್ಲಿನ ಮೋಶೆಯ ಬಗೆಗಿನ ಲೇಖನ ಓದಿ ನಿಮಗೆ ಸಿಟ್ಟು ಬಂದಿದೆ. ಸಿಟ್ಟು ಲೇಖನದ ಮೇಲಲ್ಲ, ಕಥೆಯ ಮೇಲೆ. ಈಜಿಪ್ಟಿನ ದೊರೆ ಫರೋಹನ ಬಳಿ ಜೀತಕ್ಕಿದ್ದ ಇಬ್ರಿಯರನ್ನು, ಅಂದರೆ ಯಹೂದಿಗಳ ಪೂರ್ವಜರನ್ನು, ಬಿಟ್ಟುಕೊಡು ಎಂದು ಮೋಶೆ ದೇವರ ಪರವಾಗಿ ಕೇಳುತ್ತಾನೆ. ದೊರೆ ಒಪ್ಪುವುದಿಲ್ಲ, ದೇವರು ಒಂದರ ಮೇಲೊಂದು ಹತ್ತು ಪಿಡುಗು ಕಳಿಸುತ್ತಾನೆ. "ಫರೋಹನ ಮನಸ್ಸನ್ನು ದೇವರೇ ಕಲ್ಲು ಮಾಡಿದ ಅಂತ ಬರೆದಿದೆ. ಆಮೇಲೆ ಮನಸ್ಸು ಕರಗಲಿಲ್ಲ ಅಂತ ಹತ್ತು ಸಲ ಹೊಡೆಯುವುದು ಯಾವ ನ್ಯಾಯ? ಹುಡುಗನ ಬಾಯಿಗೆ ಬಟ್ಟೆ ಕಟ್ಟಿ, ಮಗ್ಗಿ ಹೇಳಲಿಲ್ಲ ಅಂತ ಬೆತ್ತ ಬೀಸಿದ ಹಾಗಾಯ್ತು" ಎಂದಿದ್ದೀರಿ. ಮೂವತ್ತು ವರ್ಷ ಪಾಠ ಮಾಡಿದವರು ಬಿಟ್ಟರೆ ಇನ್ಯಾರಿಗೂ ಈ ಹೋಲಿಕೆ ಹೊಳೆಯುತ್ತಿರಲಿಲ್ಲ ಬಿಡಿ.

ಪತ್ರ ಮಡಿಚಿಟ್ಟು, ಬೈಬಲ್ಲಿನಲ್ಲಿ ಈ ಕಥೆ ಇರುವ ವಿಮೋಚನಕಾಂಡದ 7ರಿಂದ 12ನೆಯ ಅಧ್ಯಾಯದವರೆಗೆ ಪೆನ್ಸಿಲ್ ಹಿಡಿದು ಕೂತೆ. ಒಂದೊಂದು ಪಿಡುಗು ಮುಗಿದಾಗಲೂ ಒಂದೇ ಗುರುತು ಹಾಕಿದೆ: ಈ ಸಲ ಮನಸ್ಸು ಗಟ್ಟಿ ಮಾಡಿದ್ದು ಯಾರು? ನೀರು ರಕ್ತವಾಯಿತು, ಕಪ್ಪೆ ಬಂತು, ಹೇನು, ನೊಣ, ಆಮೇಲೆ ದನಗಳಿಗೆ ರೋಗ. ಈ ಐದರಲ್ಲಿ ಒಂದೋ ಫರೋಹನೇ ಗಟ್ಟಿ ಮಾಡಿಕೊಂಡ ಎಂದಿದೆ, ಇಲ್ಲವೇ ಅವನ ಮನಸ್ಸು ಗಟ್ಟಿಯಾಯಿತು ಎಂದಷ್ಟೇ ಇದೆ. ದೇವರು ಗಟ್ಟಿ ಮಾಡಿದನೆಂಬ ಮಾತು ಬರುವುದು ಆರನೆಯದರಲ್ಲಿ, ಜನರಿಗೂ ದನಗಳಿಗೂ ಮೈತುಂಬ ಹುಣ್ಣು ಎದ್ದಾಗ. ಆಲಿಕಲ್ಲು ಮಳೆ ನಿಂತ ಮೇಲೆ ಮತ್ತೆ ಫರೋಹನದ್ದೇ ಕೈವಾಡ. ಮಿಡತೆ, ಕತ್ತಲೆ ಬರುವ ಹೊತ್ತಿಗೆ ದೇವರ ಹೆಸರೇ ಇದೆ.

"ಆದರೆ ಅವನ ಮನಸ್ಸನ್ನು ನಾನೇ ಗಟ್ಟಿ ಮಾಡುತ್ತೇನೆ ಅಂತ 4ನೆಯ ಅಧ್ಯಾಯದಲ್ಲೇ ದೇವರು ಹೇಳಿಬಿಟ್ಟಿದ್ದಾನಲ್ಲ?" ಅಂತೀರಿ. ಹೌದು, ಹೇಳಿದ್ದಾನೆ. ಅದನ್ನು ನಾನು ಮುಚ್ಚಿಡುವುದಿಲ್ಲ. ಈ ಗಂಟು ಬಿಡಿಸಲು ತುಂಬ ಜನ ಕೈ ಹಾಕಿದ್ದಾರೆ. 12ನೆಯ ಶತಮಾನದ ಯಹೂದಿ ಪಂಡಿತ ಮೈಮೊನಿಡೀಸ್ ಪ್ರಕಾರ, ಮೊದಲು ತಪ್ಪು ಮಾಡಿದ್ದು ಫರೋಹನೇ, ತನ್ನಿಷ್ಟದಿಂದಲೇ. ತಿದ್ದಿಕೊಳ್ಳುವ ದಾರಿ ಮುಚ್ಚಿದ್ದೇ ಅವನಿಗೆ ಆದ ಶಿಕ್ಷೆ.

ನನಗೆ ಇದಕ್ಕಿಂತ ಕಪ್ಪೆ ಪ್ರಸಂಗವೇ ಜಾಸ್ತಿ ಹೇಳುತ್ತದೆ. ಹಾಸಿಗೆ ಮೇಲೆ ಕಪ್ಪೆ, ಒಲೆಯೊಳಗೆ ಕಪ್ಪೆ, ಹಿಟ್ಟು ನಾದುವ ಪಾತ್ರೆಯಲ್ಲೂ ಕಪ್ಪೆ. ಅರಮನೆಯ ಮಾಟಗಾರರು ತಮ್ಮ ವಿದ್ಯೆ ತೋರಿಸಿದರು. ಏನು ಮಾಡಿದರು? ಇನ್ನಷ್ಟು ಕಪ್ಪೆ ಬರಿಸಿದರು! ಇದ್ದದ್ದನ್ನು ಓಡಿಸಲು ಮಾತ್ರ ಬರಲಿಲ್ಲ. ಕೊನೆಗೆ ದೊರೆ ಮೋಶೆಯನ್ನು ಕರೆಸಿ, ಕಪ್ಪೆ ತೊಲಗಿಸಿದರೆ ದೇವರಿಗೆ ಬಲಿ ಕೊಡಲು ನಿನ್ನ ಜನರನ್ನು ಬಿಡುತ್ತೇನೆ ಎಂದು ಬೇಡಿಕೊಂಡ. ಯಾವಾಗ ಪ್ರಾರ್ಥನೆ ಮಾಡಲಿ, ನೀವೇ ಹೇಳಿ ಎಂದ ಮೋಶೆ. ಫರೋಹನ ಉತ್ತರ: "ನಾಳೆ."

ಈಗಲೇ ಅನ್ನಬಹುದಿತ್ತಲ್ವಾ? ನಮ್ಮ ಕಡೆ ಒಂದು ಕಾಲದಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದು ದೆವ್ವವನ್ನು ಹೊರಗೇ ನಿಲ್ಲಿಸುತ್ತಿದ್ದರು. ಈ ಪುಣ್ಯಾತ್ಮ ಒಳಗೆ ಬಂದ ಕಪ್ಪೆಗೆ ನಾಳೆ ಹೋಗು ಎಂದ. ಮಾರನೆಯ ದಿನ ಕಪ್ಪೆಗಳು ಸತ್ತವು. ಜನ ಗುಡ್ಡೆ ಗುಡ್ಡೆ ಹಾಕಿದರು, ಊರೆಲ್ಲ ನಾರಿತು. ಸ್ವಲ್ಪ ಉಸಿರು ಬಿಡಲು ಆಯಿತು ಅನ್ನುವಷ್ಟರಲ್ಲಿ ದೊರೆ ಮಾತು ತಪ್ಪಿದ. ಮೇಷ್ಟ್ರೇ, ಇಲ್ಲಿ ಬಾಯಿಗೆ ಬಟ್ಟೆ ಕಟ್ಟಿದವರು ಯಾರು?

ಆಮೇಲೂ ಅವನದು ಸಂತೆಯ ಚೌಕಾಸಿ. ಇಲ್ಲೇ ಬಲಿ ಕೊಡಿ, ದೂರ ಹೋಗಬೇಡಿ, ಗಂಡಸರು ಮಾತ್ರ ಹೋಗಿ, ದನಕುರಿ ಬಿಟ್ಟು ಹೋಗಿ. ದೇಶ ಹಾಳಾದದ್ದು ಇನ್ನೂ ಗೊತ್ತಾಗಲಿಲ್ಲವೇ ಎಂದು ಅವನ ಅಧಿಕಾರಿಗಳೇ ಕೇಳಿದರು.

ಇನ್ನೊಂದು ಸಂಗತಿ. ಮೂಲ ಹೀಬ್ರೂನಲ್ಲಿ ಈ ಗಟ್ಟಿತನಕ್ಕೆ ಬಳಸಿದ ಮಾತುಗಳಲ್ಲಿ ಒಂದರ ಅರ್ಥ 'ಭಾರ'. ಈಜಿಪ್ಟಿನವರ ನಂಬಿಕೆಯಲ್ಲಿ ಸತ್ತವನ ಹೃದಯವನ್ನು ತಕ್ಕಡಿಯಲ್ಲಿಟ್ಟು, ಸತ್ಯದ ದೇವತೆ ಮಾಅತಳ ಗರಿಯ ಎದುರು ತೂಗುತ್ತಾರೆ. ಭಾರವಾದರೆ ಮೊಸಳೆ ತಲೆಯ ಅಮ್ಮಿತ್ ಅದನ್ನು ನುಂಗುತ್ತಾಳೆ. ಅಂಥ ದೇಶದ ದೊರೆಯ ಹೃದಯ ಭಾರವಾಯಿತು ಎಂದು ಸುಮ್ನೆ ಬರೆದಿರಲಿಕ್ಕಿಲ್ಲ ಎಂದು ನನಗನಿಸುತ್ತದೆ.

ಇಷ್ಟು ವಾದಿಸಿಯೂ ಹತ್ತನೆಯ ಪಿಡುಗಿನಲ್ಲಿ ನಾನು ಸೋತೆ. ಸಿಂಹಾಸನದಲ್ಲಿ ಕೂತ ಫರೋಹನ ಚೊಚ್ಚಲ ಮಗನಿಂದ ಹಿಡಿದು ಬೀಸುಕಲ್ಲಿನ ಹಿಂದೆ ಕೂತ ದಾಸಿಯ ಚೊಚ್ಚಲ ಮಗನವರೆಗೆ ಎಲ್ಲರೂ ಸಾಯುತ್ತಾರೆ ಎಂದಿದೆ. ಹಿಂದೆ ಈಜಿಪ್ಟಿನವರು ಇಬ್ರಿಯರ ಗಂಡು ಕೂಸುಗಳನ್ನು ನೈಲ್ ನದಿಗೆ ಎಸೆದದ್ದಕ್ಕೆ ಇದು ಸರಿಯಾಯಿತು ಅನ್ನುವವರಿದ್ದಾರೆ. ಆ ದಾಸಿ ಯಾರ ಕೂಸನ್ನು ಎಸೆದಿದ್ದಳು? ನಿಮ್ಮ ಸಿಟ್ಟು ಇಲ್ಲಿ ನನ್ನದೂ ಹೌದು. ಯಹೂದಿಗಳು ಈ ಬಿಡುಗಡೆಯನ್ನು ನೆನೆಯುವ ಪಸ್ಕ ಹಬ್ಬದ ರಾತ್ರಿ ಹತ್ತೂ ಪಿಡುಗಿನ ಹೆಸರು ಹೇಳುತ್ತ, ಒಂದೊಂದಕ್ಕೂ ದ್ರಾಕ್ಷಾರಸದ ಲೋಟಕ್ಕೆ ಬೆರಳದ್ದಿ ಒಂದು ಹನಿ ತೆಗೆದು ತಟ್ಟೆಗೆ ಬಿಡುತ್ತಾರೆ. ಸತ್ತವರ ನೋವಿಗಾಗಿ ನಮ್ಮ ಸಂತೋಷ ಅಷ್ಟು ಕಡಿಮೆಯಾಗಲಿ ಎಂದು ಅದಕ್ಕೆ ಅರ್ಥ ಹೇಳುವವರು ಅವರಲ್ಲೇ ಇದ್ದಾರೆ.

ಕೊನೆಯಲ್ಲಿ ಈ ಫರೋಹ ಯಾರು ಎಂದು ಕೇಳಿದ್ದೀರಿ. ರಾಮ್ಸೆಸ್ ಎಂಬ ಊರಿನ ಹೆಸರು ಬರುವುದರಿಂದ ಎರಡನೆಯ ರಾಮ್ಸೆಸ್ ಇರಬೇಕೆಂದು ಹಲವರ ಊಹೆ. ಪುಸ್ತಕದಲ್ಲಿ ಮಾತ್ರ ಅವನ ಹೆಸರಿಲ್ಲ. ಗಂಡು ಕೂಸುಗಳನ್ನು ಕೊಲ್ಲಿ ಎಂದ ಹಿಂದಿನ ದೊರೆಗೂ ಇಲ್ಲ. ಆ ಅಪ್ಪಣೆ ಮೀರಿದ ಇಬ್ಬರು ಸೂಲಗಿತ್ತಿಯರಿಗೆ ಇದೆ: ಶಿಪ್ರಾ, ಪೂಗಾ.

ನಿಮ್ಮ
ಸಂಪಾದಕ